ಮರೆವಿನ ಕಾಯಿಲೆ ಬಂದ ಸಂಗಾತಿಯ ಕಾಗದಪತ್ರ: ಜಾಯಿಂಟ್ ಅಕೌಂಟೋ, ಪವರ್ ಆಫ್ ಅಟಾರ್ನಿಯೋ, ಕೋರ್ಟೋ?

"ಅಕ್ಕಾ, ಪವರ್ ಆಫ್ ಅಟಾರ್ನಿ ಮಾಡಿಸಿಬಿಡಲಾ? ಇಲ್ಲಾ ಅಕೌಂಟಿಗೆ ನನ್ನ ಹೆಸರು ಸೇರಿಸಿದರೆ ಸಾಕಾ? ನಮ್ಮ ಭಾವನವರು ಕೋರ್ಟಿಗೇ ಹೋಗಬೇಕು ಅಂತಿದ್ದಾರೆ."

ಈ ಪ್ರಶ್ನೆ ನನಗೆ ತಿಂಗಳಿಗೆ ಒಮ್ಮೆಯಾದರೂ ಬರುತ್ತದೆ. (ಪವರ್ ಆಫ್ ಅಟಾರ್ನಿ ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡುವ ಪತ್ರ.) ಕೇಳುವವರು ಹೆಚ್ಚಾಗಿ ಹೆಂಗಸರು. ಗಂಡನಿಗೆ ಡಿಮೆನ್ಶಿಯ ಎಂದು ಡಾಕ್ಟರು ಹೇಳಿ ಒಂದೆರಡು ತಿಂಗಳಾಗಿರುತ್ತದೆ. ಮಾತ್ರೆಯ ಗಡಿಬಿಡಿ ಮುಗಿಯುವಷ್ಟರಲ್ಲಿ ಬ್ಯಾಂಕಿನ ಚಿಂತೆ ಶುರುವಾಗಿರುತ್ತದೆ.

ನಮ್ಮನೆಯವರ ವಿಷಯ ನಮಗೆ 2020ರಲ್ಲಿ ಗೊತ್ತಾಯಿತು. ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರು. ಹಾಲಿನವನ ಲೆಕ್ಕದಿಂದ ಹಿಡಿದು ಮನೆ ಕಂದಾಯದವರೆಗೆ ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತಿದ್ದವರು. ಪಾಸ್‌ಬುಕ್ ಯಾವ ಬೀರುವಿನಲ್ಲಿದೆ ಎನ್ನುವುದೂ ನನಗೆ ಗೊತ್ತಿರಲಿಲ್ಲ. ನಾನು ವಕೀಲಳಲ್ಲ. ಮೈಸೂರಿನಲ್ಲಿ ಕೌಂಟರಿನಿಂದ ಕೌಂಟರಿಗೆ ಅಲೆದು ಕಲಿತದ್ದು ಇಷ್ಟು. ದೊಡ್ಡ ಆಸ್ತಿಯ ವಿಚಾರವಾದರೆ ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ. ಆದರೆ ವಕೀಲರ ಹತ್ತಿರ ಏನು ಕೇಳಬೇಕು ಅನ್ನುವುದಾದರೂ ನಿಮಗೆ ತಿಳಿದಿರಬೇಕು, ಅಲ್ವಾ?

ಮೊದಲು ಇಷ್ಟನ್ನು ಕೇಳಿಕೊಳ್ಳಿ

ಎಲ್ಲಕ್ಕಿಂತ ಮೊದಲ ಪ್ರಶ್ನೆ: ಅವರಿಗೆ ಈಗ ಎಷ್ಟು ಅರ್ಥವಾಗುತ್ತದೆ? ಕಾಯಿಲೆಯ ಹೆಸರು ಇಲ್ಲಿ ಮುಖ್ಯವಲ್ಲ. "ಈ ಕಾಗದಕ್ಕೆ ಸಹಿ ಹಾಕಿದರೆ ಏನಾಗುತ್ತೆ?" ಎಂದು ಕೇಳಿ. ತಮ್ಮ ಮಾತಿನಲ್ಲಿ ಹೇಳಬಲ್ಲರಾದರೆ ಸುಮಾರು ಎಲ್ಲ ದಾರಿಗಳೂ ತೆರೆದಿವೆ. ಹೇಳಲಾರರು ಅಂದರೆ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿವೆ.

1872ರ ಕರಾರು ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ನಮಗೆ ಅನುಕೂಲವಾದ ಒಂದು ಮಾತಿದೆ. ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರಿಗೂ ನಡುನಡುವೆ ತಿಳಿಯಾದ ಹೊತ್ತು ಬರುತ್ತಿದ್ದರೆ, ಆ ಹೊತ್ತಿನಲ್ಲಿ ಅವರು ಕರಾರು ಮಾಡಬಹುದು. ನಮ್ಮನೆಯವರು ಬೆಳಿಗ್ಗೆ ಹತ್ತಕ್ಕೆ ಪೇಪರು ಓದಿ ರಾಜಕೀಯ ಮಾತಾಡುತ್ತಿದ್ದರು. ಸಂಜೆ ಆರಾದರೆ ತಮ್ಮ ಮನೆಯಲ್ಲೇ ಕೂತು "ಮನೆಗೆ ಹೋಗೋಣ ನಡಿ" ಎನ್ನುತ್ತಿದ್ದರು. ಹಾಗಾಗಿ ಸಬ್‌ರಿಜಿಸ್ಟ್ರಾರ್ ಆಫೀಸು, ಬ್ಯಾಂಕು, ಎಲ್ಲದಕ್ಕೂ ಬೆಳಗಿನ ಹೊತ್ತನ್ನೇ ಗೊತ್ತು ಮಾಡಿಕೊಳ್ಳುತ್ತಿದ್ದೆ.

ಎರಡನೆಯದು, ಕಾಯಿಲೆ ಜಾಸ್ತಿಯಾದ ಮೇಲೂ ಈ ಕಾಗದ ನಿಲ್ಲುತ್ತದಾ? ಇದನ್ನು ಯಾರೂ ಕೇಳುವುದಿಲ್ಲ. ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಮೂರನೆಯದು ಖರ್ಚು ಮತ್ತು ಓಡಾಟ. ನಾಲ್ಕನೆಯದು, ಇದನ್ನು ಬೇರೆಯವರು ದುರುಪಯೋಗ ಮಾಡುವುದು ಎಷ್ಟು ಸುಲಭ? "ಬೇರೆಯವರು" ಅಂದರೆ ಫೋನಿನಲ್ಲಿ ಮೋಸ ಮಾಡುವವರು ಮಾತ್ರ ಅಲ್ಲ. ಸ್ವಂತ ಅಣ್ಣತಮ್ಮಂದಿರು, ಮಕ್ಕಳು, ಕೊನೆಗೆ ನಾವೂ ಅದರಲ್ಲಿ ಸೇರುತ್ತೇವೆ.

ಎಲ್ಲರೂ ಮಾಡುವ ದಾರಿ: ಅವರ ಎಟಿಎಂ, ನಮ್ಮ ಕೈ

ಪಿನ್ ಗೊತ್ತು, ಫೋನು ನಮ್ಮ ಕೈಲೇ ಇದೆ, ಓಟಿಪಿ ಬಂದರೆ ಒತ್ತಿದರಾಯಿತು. ಖರ್ಚಿಲ್ಲ, ಓಡಾಟವಿಲ್ಲ. ಮೊದಲ ವರ್ಷ ನಾನೂ ಇದನ್ನೇ ಮಾಡಿದೆ. ಸುಳ್ಳು ಯಾಕೆ ಹೇಳಲಿ?

ಇದರ ತೊಂದರೆ ತಿಳಿಯುವುದು ಏನಾದರೂ ಎಡವಟ್ಟಾದಾಗ. ಪಿನ್ ಬೇರೆಯವರಿಗೆ ಕೊಡಬಾರದು ಎನ್ನುವುದು ಬ್ಯಾಂಕಿನ ಷರತ್ತು. ಗಂಡ ಹೆಂಡತಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಬೆಂಗಳೂರಿನಲ್ಲಿ ಬಾಣಂತಿಯೊಬ್ಬರು ಗಂಡನ ಕೈಗೆ ಕಾರ್ಡು ಮತ್ತು ಪಿನ್ ಕೊಟ್ಟು ಕಳಿಸಿದ್ದರು. ಮೆಷಿನ್ನು ದುಡ್ಡು ಕೊಡದೆ 25,000 ರೂಪಾಯಿ ಕಡಿತವಾಯಿತು. ಅವರು ಗ್ರಾಹಕರ ನ್ಯಾಯಾಲಯಕ್ಕೆ ಹೋದರೆ 2018ರಲ್ಲಿ ತೀರ್ಪು ಅವರ ವಿರುದ್ಧವೇ ಬಂತು. ಪಿನ್ ಹಂಚಿಕೊಂಡದ್ದು ನಿಯಮಕ್ಕೆ ವಿರುದ್ಧ ಎನ್ನುವುದೇ ಕಾರಣ. ಇದಲ್ಲದೆ ಕಾರ್ಡಿನ ಅವಧಿ ಮುಗಿದರೆ, ಬ್ಯಾಂಕು ಮತ್ತೆ ಕೆವೈಸಿ ಕೇಳಿದರೆ, ಸಿಮ್ ಕೆಟ್ಟರೆ ಈ ದಾರಿ ಒಂದೇ ದಿನಕ್ಕೆ ಬಂದ್. ದಿನಸಿ, ಔಷಧಿಗೆ ಒಂದೆರಡು ತಿಂಗಳು ನಡೆಸಬಹುದು. ಇದನ್ನೇ ನಂಬಿ ಕೂರಬೇಡಿ.

ಜಾಯಿಂಟ್ ಅಕೌಂಟ್

ನನ್ನನ್ನು ಕೇಳಿದರೆ, ಸಾಧಾರಣ ಮನೆಗಳಿಗೆ ಮುಕ್ಕಾಲು ಪಾಲು ಕೆಲಸ ಇದರಿಂದಲೇ ಆಗುತ್ತದೆ. ಆದರೆ "ಜಾಯಿಂಟ್" ಎಂದಷ್ಟೇ ಹೇಳಿ ಬರಬೇಡಿ. ಫಾರ್ಮಿನಲ್ಲಿ "ಐದರ್ ಆರ್ ಸರ್ವೈವರ್" ಎನ್ನುವುದಕ್ಕೇ ಟಿಕ್ ಹಾಕಿಸಿ. ಅಂದರೆ ಇಬ್ಬರಲ್ಲಿ ಯಾರಾದರೂ ಒಬ್ಬರು ಸಹಿ ಹಾಕಿ ಹಣ ತೆಗೆಯಬಹುದು. "ಫಾರ್ಮರ್ ಆರ್ ಸರ್ವೈವರ್" ಎಂದಾದರೆ ಮೊದಲ ಹೆಸರಿನವರು ಬದುಕಿರುವಷ್ಟು ದಿನ ಅವರದೇ ಸಹಿ ಬೇಕು. "ಜಾಯಿಂಟ್ಲಿ" ಎಂದಾದರೆ ಪ್ರತಿ ಸಲವೂ ಇಬ್ಬರದ್ದೂ ಬೇಕು. ಕೇಳುವುದಕ್ಕೆ ಮೂರೂ ಒಂದೇ ಥರ. ನಮ್ಮ ಸ್ಥಿತಿಗೆ ಒಂದು ಮಾತ್ರ ಉಪಯೋಗ.

ಕೇಂದ್ರ ಸರ್ಕಾರದ ಪಿಂಚಣಿದಾರರು ಪಿಂಚಣಿ ಬರುವ ಅಕೌಂಟನ್ನೇ ಹೆಂಡತಿ ಅಥವಾ ಗಂಡನ ಜೊತೆ ಹೀಗೆ ಜಾಯಿಂಟ್ ಮಾಡಿಸಬಹುದು. ಇಬ್ಬರ ಆಧಾರ್, ಪ್ಯಾನ್, ಫೋಟೋ, ಜೊತೆಗೆ ಕೌಂಟರಿನಲ್ಲಿ ಅವರ ಸಹಿ. ಅಷ್ಟೇ. ಕಷ್ಟವೆಲ್ಲ ಆ ಕೊನೆಯ ಮಾತಿನಲ್ಲಿದೆ. ಅವರು ಬಂದು, ವಿಷಯ ತಿಳಿದು, ಸಹಿ ಹಾಕಬೇಕು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಪಿಂಚಣಿಯ ಅಕೌಂಟು ಜಾಯಿಂಟ್ ಆಗಿತ್ತು. ಇನ್ನೊಂದು ಬ್ಯಾಂಕಿನಲ್ಲಿ ಅವರೊಬ್ಬರದೇ ಹೆಸರಿನ ಅಕೌಂಟು ಇತ್ತು. ಅದಕ್ಕೂ ಹೆಸರು ಸೇರಿಸಲು ಹೋದಾಗ, ಸಹಾನುಭೂತಿ ಸಿಗಲಿ ಅಂತ, ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟೆ. ಮ್ಯಾನೇಜರು ಪಾಪ ಒಳ್ಳೆಯವರೇ. ಓದಿದರು. "ಹಾಗಿದ್ದರೆ ಸಾರ್ ಸಹಿಯನ್ನು ನಾವು ತಗೊಳ್ಳೋಕಾಗಲ್ಲ ಮೇಡಂ" ಎಂದರು. ಅಂದಿನಿಂದ ಆ ಅಕೌಂಟಿನ ಚೆಕ್ಕೂ ನಡೆಯಲಿಲ್ಲ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಕಾಯಿಲೆ ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಡಿಮೆನ್ಶಿಯ ಎಂದು ಬರೆದ ಚೀಟಿ ಬೇರೆ, "ಇಂಥ ದಿನ ಇವರಿಗೆ ತಮ್ಮ ಹಣದ ವ್ಯವಹಾರ ಅರ್ಥವಾಗುತ್ತಿತ್ತು" ಎಂದು ಬರೆದ ಚೀಟಿ ಬೇರೆ. ಕಾಯಿಲೆಯ ಶುರುವಿನಲ್ಲಿ ಇರುವವರಿಗೆ ಎರಡನೆಯ ಚೀಟಿಯನ್ನು ಡಾಕ್ಟರು ನೋಡಿ ಪ್ರಾಮಾಣಿಕವಾಗಿ ಕೊಡಬಹುದು. ಅದನ್ನೂ ಕೇಳಿ ಬರೆಸಿಕೊಂಡು ಹೋಗಿ.

ಎಫ್‌ಡಿ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ಇಬ್ಬರ ಹೆಸರಿನಲ್ಲಿದ್ದರೂ ಅವಧಿಗೆ ಮುಂಚೆ ಮುರಿಸಬೇಕಾದರೆ ಸಾಮಾನ್ಯವಾಗಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಅವಧಿ ಮುಗಿದ ದಿನ ಮಾತ್ರ ನಿಮ್ಮೊಬ್ಬರ ಸಹಿ ಸಾಕು. ಆದರೆ ಆಟೋ ರಿನ್ಯೂವಲ್ ಹಾಕಿದ್ದರೆ? ಆ ದಿನ ಬಂದದ್ದೇ ತಿಳಿಯದೆ ಹಣ ಮತ್ತೆ ಐದು ವರ್ಷಕ್ಕೆ ಕೂತುಬಿಡುತ್ತದೆ. ಅವರ ಸಹಿ ನಡೆಯುವಾಗಲೇ ಆಟೋ ರಿನ್ಯೂವಲ್ ತೆಗೆಸಿ. ದೊಡ್ಡ ಎಫ್‌ಡಿಯನ್ನು ಚಿಕ್ಕ ಚಿಕ್ಕದಾಗಿ ಒಡೆದು, ಒಂದೊಂದು ವರ್ಷಕ್ಕೆ ಇಡಿ. ಬಡ್ಡಿ ಸ್ವಲ್ಪ ಕಡಿಮೆ ಬರಬಹುದು. ಆಸ್ಪತ್ರೆಯ ಬಿಲ್ಲು ಬಂದ ದಿನ ಆ ಅರ್ಧ ಪರ್ಸೆಂಟ್ ಯಾರಿಗೆ ಬೇಕು?

ಜಾಯಿಂಟ್ ಅಕೌಂಟಿನ ದೊಡ್ಡ ಕೊರತೆ ಏನೆಂದರೆ ಅವರೂ ಹಣ ತೆಗೆಯಬಹುದು. "ನಿಮ್ಮ ಕಾರ್ಡು ಬ್ಲಾಕ್ ಆಗಿದೆ ಸಾರ್" ಎಂದು ಯಾರೋ ಫೋನ್ ಮಾಡಿದರೆ ಎಲ್ಲವನ್ನೂ ಹೇಳಿಬಿಡುತ್ತಾರೆ. ನಾನು ಮಾಡಿಕೊಂಡ ಉಪಾಯ ಇದು. ಪಿಂಚಣಿ ಜಾಯಿಂಟ್ ಅಕೌಂಟಿಗೆ ಬರುತ್ತದೆ. ಬಂದ ಮಾರನೇ ದಿನ ಅದರಲ್ಲಿ ಹೆಚ್ಚಿನ ಪಾಲು ನನ್ನ ಅಕೌಂಟಿಗೆ ಹೋಗುತ್ತದೆ. ಅವರ ಪರ್ಸಿನಲ್ಲಿ ಹಳೆಯ ಎಟಿಎಂ ಕಾರ್ಡು ಹಾಗೇ ಇದೆ. ಆ ಅಕೌಂಟಿನಲ್ಲಿ ಎರಡು ಮೂರು ಸಾವಿರ ಇರುತ್ತದೆ. ಜೇಬಿಗೆ ಇನ್ನೂರು ರೂಪಾಯಿ ನೋಟು ಇಡುತ್ತೇನೆ. ಕೈಯಲ್ಲಿ ದುಡ್ಡಿಲ್ಲದೆ ಅವರು ಎಂದೂ ಹೊಸಲು ದಾಟಿದವರಲ್ಲ. ಅದನ್ನೂ ಕಿತ್ತುಕೊಂಡರೆ ಸಿಟ್ಟಾಗುತ್ತಾರೆ. ಸಿಟ್ಟು ಬರುವುದೂ ನ್ಯಾಯವೇ.

ಇನ್ನು ಹೆಬ್ಬೆಟ್ಟಿನ ವಿಚಾರ. ಕೈ ನಡುಗಿ ಸಹಿ ಆಗದವರಿಗೆ ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿಸಿ ಹಣ ಕೊಡುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ ಒಪ್ಪಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. 70 ದಾಟಿದವರಿಗೆ ಮನೆ ಬಾಗಿಲಿಗೇ ಹಣ ತಂದುಕೊಡುವ, ಕೆವೈಸಿ ಕಾಗದ ಪಡೆಯುವ ಸೌಲಭ್ಯ ಕೊಡಬೇಕೆಂದು 2017ರ ನವೆಂಬರಿನಲ್ಲಿ ಸುತ್ತೋಲೆಯೂ ಬಂದಿದೆ. ಆದರೆ ಇವೆಲ್ಲ ಕೈಕಾಲು ಸೋತವರಿಗೆ. ತಿಳಿವಳಿಕೆ ಸೋತವರ ಹೆಬ್ಬೆಟ್ಟನ್ನು ಹಿಡಿದು ಒತ್ತಿಸಿದರೆ ಅದು ಒಪ್ಪಿಗೆ ಆಗುವುದಿಲ್ಲ.

ಪವರ್ ಆಫ್ ಅಟಾರ್ನಿ

ಲಂಡನ್ನಿನಲ್ಲಿರುವ ನನ್ನ ಮಗ ಮೊದಲ ದಿನವೇ "ಪಿಒಎ ಮಾಡಿಸಿಬಿಡಮ್ಮ, ಇಲ್ಲಿ ಎಲ್ಲರೂ ಮಾಡಿಸ್ತಾರೆ" ಎಂದ. ಅವನು ಹೇಳಿದ್ದು ಆ ಊರಿಗೆ ಸರಿ. ಇಂಗ್ಲೆಂಡಿನಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಇದೆ. ಬರೆದುಕೊಟ್ಟವರಿಗೆ ತಿಳಿವಳಿಕೆ ಹೋದ ಮೇಲೂ ಅದು ನಡೆಯುತ್ತದೆ. ಅಮೆರಿಕದಲ್ಲಿ ಡ್ಯೂರಬಲ್ ಎಂದು ಕರೆಯುತ್ತಾರೆ. ನಮ್ಮಲ್ಲಿ ಅಂಥದ್ದು ಇಲ್ಲ. ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ನೋಟರಿ ಮಾಡಿಸಿದ್ದರೂ ಅಷ್ಟೆ, ರಿಜಿಸ್ಟರ್ ಮಾಡಿಸಿದ್ದರೂ ಅಷ್ಟೆ.

ಮಳೆ ಬಂದ ತಕ್ಷಣ ಮುಚ್ಚಿಕೊಳ್ಳುವ ಕೊಡೆಯ ಹಾಗೆ. ಯಾವ ದಿನಕ್ಕಾಗಿ ಮಾಡಿಸಿದಿರೋ ಆ ದಿನವೇ ಕೈ ಕೊಡುತ್ತದೆ. "ಮುಂದೆ ಬುದ್ಧಿ ತಪ್ಪಿದರೂ ಇದು ನಡೆಯತಕ್ಕದ್ದು" ಎಂದು ಕೆಲವರು ಪತ್ರದಲ್ಲೇ ಬರೆಸುತ್ತಾರೆ. ಬರೆಸಿದ ಮಾತ್ರಕ್ಕೆ ಕಾಯ್ದೆ ಬದಲಾಗುವುದಿಲ್ಲ.

ಹಾಗಾದರೆ ಯಾರಿಗೂ ಬೇಡವೇ? ಬೇಕು, ಆದರೆ ಒಂದು ಸಂದರ್ಭದಲ್ಲಿ. ಅವರ ತಿಳಿವಳಿಕೆ ಚೆನ್ನಾಗಿದೆ, ಓಡಾಡಲು ಆಗುವುದಿಲ್ಲ, ಊರಿನ ಸೈಟನ್ನು ಇನ್ನು ಮೂರು ತಿಂಗಳಲ್ಲಿ ಮಾರಬೇಕು ಅನ್ನಿ. ಆಗ ಆ ಒಂದು ಕೆಲಸಕ್ಕೆ ಮಾತ್ರ ಸ್ಪೆಷಲ್ ಪವರ್ ಬರೆಸಿ. ಎಲ್ಲದಕ್ಕೂ ಅಧಿಕಾರ ಕೊಡುವ ಜಿಪಿಎಯನ್ನು, ಅದರಲ್ಲೂ ಮೈದುನನ ಹೆಸರಿಗೋ ಅಳಿಯನ ಹೆಸರಿಗೋ ಬರೆಸುವ ಮೊದಲು ಹತ್ತು ಸಲ ಯೋಚಿಸಿ. ನಾನು ದುರುಪಯೋಗದ ಪ್ರಶ್ನೆಯನ್ನು ಆ ಪಟ್ಟಿಗೆ ಸೇರಿಸಿದ್ದೇ ಇದಕ್ಕೆ.

ವಿಲ್, ದಾನಪತ್ರ, ನಾಮಿನಿ

ಈ ಮೂರನ್ನೂ ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೂರರ ಕೆಲಸವೂ ಬೇರೆ.

ನಾಮಿನಿ ಸುಲಭ. ಖರ್ಚಿಲ್ಲ. 2025ರ ನವೆಂಬರ್ 1ರಿಂದ ಒಂದು ಬ್ಯಾಂಕ್ ಅಕೌಂಟಿಗೆ ನಾಲ್ವರವರೆಗೂ ನಾಮಿನಿ ಹಾಕಬಹುದು. ಆದರೆ ಅವರು ಬದುಕಿರುವಾಗ ನಾಮಿನಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ನಮ್ಮ ಈಗಿನ ಕಷ್ಟಕ್ಕೆ ಇದು ಮದ್ದಲ್ಲ. ಹಾಕಿಸಿ, ಮರೆತುಬಿಡಿ.

ವಿಲ್ ಕೂಡ ಅವರ ನಂತರದ ಕಾಗದವೇ. ಛಾಪಾ ಕಾಗದ ಬೇಕಿಲ್ಲ, ರಿಜಿಸ್ಟರ್ ಮಾಡಿಸುವುದೂ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. ಆದರೆ ಮರೆವಿನ ಕಾಯಿಲೆ ಇರುವವರ ವಿಲ್ಲನ್ನು ನಾಳೆ ಯಾರಾದರೂ ಪ್ರಶ್ನೆ ಮಾಡುವ ಸಂಭವ ಜಾಸ್ತಿ. ಅದಕ್ಕೆ ಖರ್ಚಾದರೂ ರಿಜಿಸ್ಟರ್ ಮಾಡಿಸಿ. ನೋಡುತ್ತಿರುವ ಡಾಕ್ಟರಿಂದ ಅದೇ ದಿನದ ಸರ್ಟಿಫಿಕೇಟ್ ತಗೊಳ್ಳಿ. ಆಗುವುದಾದರೆ ಡಾಕ್ಟರನ್ನೇ ಒಬ್ಬ ಸಾಕ್ಷಿ ಮಾಡಿ. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು. ಆಫೀಸಿಗೆ ಹೋಗಲಾಗದಷ್ಟು ನಿಶ್ಶಕ್ತರಾದವರ ಮನೆಗೇ ಸಬ್‌ರಿಜಿಸ್ಟ್ರಾರ್ ಬಂದು ನೋಂದಣಿ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಅರ್ಜಿ ಕೊಟ್ಟು, ಅದರ ಫೀಸು ಕಟ್ಟಬೇಕು.

ದಾನಪತ್ರ ಇವತ್ತೇ ಜಾರಿಗೆ ಬರುತ್ತದೆ. ಮನೆ ಅವರ ಹೆಸರಿನಲ್ಲಿದ್ದು, ಮುಂದೆ ಚಿಕಿತ್ಸೆಗೆ ಅದನ್ನು ಮಾರಬೇಕಾಗಬಹುದು ಎಂದಾದರೆ, ಈಗಲೇ ಹೆಂಡತಿಯ ಹೆಸರಿಗೆ ದಾನ ಮಾಡಿಸಿಟ್ಟರೆ ಆಮೇಲೆ ಕೋರ್ಟಿನ ಮೆಟ್ಟಿಲು ತಪ್ಪುತ್ತದೆ. ಕುಟುಂಬದ ಒಳಗಿನ ದಾನಕ್ಕೆ ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ ಆಸ್ತಿಯ ಬೆಲೆಯ ಮೇಲೆ ಲೆಕ್ಕವಾಗುವುದಿಲ್ಲ, ನಿಗದಿಯಾದ ಸಣ್ಣ ಮೊತ್ತ. ಆದರೆ ಕೊಟ್ಟದ್ದು ಕೊಟ್ಟ ಹಾಗೆ, ವಾಪಸ್ ಬರುವುದಿಲ್ಲ. ಮಕ್ಕಳ ಹೆಸರಿಗೆ ಬರೆಯುವುದಾದರೆ "ತಂದೆತಾಯಿಯನ್ನು ನೋಡಿಕೊಳ್ಳತಕ್ಕದ್ದು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಕೆಳಗೆ ಉಪವಿಭಾಗಾಧಿಕಾರಿ (ಎಸಿ) ಆಫೀಸಿನ ನ್ಯಾಯಮಂಡಳಿಗೆ ಹೋಗಿ ಆ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಬರೆಯದೇ ಇದ್ದರೆ ಜಗಳ ಉದ್ದವಾಗುತ್ತದೆ. ಅವರ ಹೆಸರಿನಲ್ಲೇ ಮನೆ ಇರಲಿ ಎನ್ನುವ ಆಸೆಯೂ ತಪ್ಪಲ್ಲ. ಎಷ್ಟೋ ಗಂಡಸರಿಗೆ ಗೇಟಿನ ಮೇಲಿನ ಹೆಸರೇ ಕೊನೆಯ ಗಟ್ಟಿ ನೆನಪು.

ಹೈಕೋರ್ಟ್

ಸಹಿ ನಡೆಯುವುದಿಲ್ಲ, ಹಣವೆಲ್ಲ ಅವರೊಬ್ಬರ ಹೆಸರಿನಲ್ಲಿದೆ ಎಂದಾದರೆ ಉಳಿಯುವುದು ಇದೊಂದೇ. ಹೆಂಡತಿಯಾದ ಮಾತ್ರಕ್ಕೆ ಗಂಡನ ಗಾರ್ಡಿಯನ್, ಅಂದರೆ ಅವರ ಪರವಾಗಿ ವ್ಯವಹಾರ ನೋಡುವ ಕಾನೂನಿನ ಅಧಿಕಾರ ಇರುವವರು, ಆಗುವುದಿಲ್ಲ. ಇದು ತಿಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದರೂ ಅಷ್ಟೇ.

ಯಾಕೆ ಹೈಕೋರ್ಟೇ? 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ರೋಗಿಯ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯವೇ ಒಬ್ಬರನ್ನು ನೇಮಿಸಬಹುದಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಚಿಕಿತ್ಸೆಯ ಬಗ್ಗೆ ಮಾತಾಡುತ್ತದೆ. ನಮ್ಮ ಪರವಾಗಿ ಚಿಕಿತ್ಸೆಯ ತೀರ್ಮಾನ ಯಾರು ತಗೊಳ್ಳಬೇಕು ಎಂದು ಮೊದಲೇ ಬರೆದಿಡಬಹುದು. ಆದರೆ ಆಸ್ತಿ, ಹಣದ ಮಾತು ಅದರಲ್ಲಿ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಗಾರ್ಡಿಯನ್ ವ್ಯವಸ್ಥೆ ಇದೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆಯಂಥವಕ್ಕೆ, ಮುಪ್ಪಿನ ಮರೆವಿಗಲ್ಲ. ಹಾಗಾಗಿ ಜನ ಸಂವಿಧಾನದ 226ನೇ ವಿಧಿ ಹಿಡಿದು, ತಮ್ಮನ್ನು ಗಾರ್ಡಿಯನ್ ಮಾಡಿ ಎಂದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. ಕೋಮಾದಲ್ಲಿರುವವರ ವಿಷಯದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಒಂದು ಕ್ರಮವನ್ನೇ ಹಾಕಿಕೊಟ್ಟಿತು. ವೈದ್ಯರ ತಂಡದ ಪರೀಕ್ಷೆ, ತಹಸೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಮನೆಗೆ ಬಂದು ವಿಚಾರಣೆ, ನೇಮಕವಾದ ಮೇಲೆ ಆರು ತಿಂಗಳಿಗೊಮ್ಮೆ ವರದಿ. ನೀವೂ ಇಂಥ ವಿಚಾರಣೆಗೆ ತಯಾರಾಗಿಯೇ ಹೋಗಬೇಕು.

ಖರ್ಚು, ಓಡಾಟ ಎಲ್ಲಕ್ಕಿಂತ ಹೆಚ್ಚು ಇಲ್ಲೇ. ಆದರೆ ಕಾಯಿಲೆ ಎಷ್ಟೇ ಬೆಳೆದರೂ ನಿಲ್ಲುವ ಗಟ್ಟಿ ಕಾಗದವೂ ಇದೇ. ಕೋರ್ಟಿನ ಕಣ್ಣು ಇರುವುದರಿಂದ ದುರುಪಯೋಗವೂ ಕಷ್ಟ. ಬೆಂಗಳೂರಿಗೇ ಬರಬೇಕೆಂದಿಲ್ಲ. ಉತ್ತರ ಕರ್ನಾಟಕದವರಿಗೆ ಧಾರವಾಡ, ಕಲಬುರಗಿ ಪೀಠಗಳಿವೆ. ಇನ್ನೊಂದು ಮಾತು ತುಂಬ ಜನರಿಗೆ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಫೋನು 15100.

ನವೆಂಬರಿನ ತಲೆನೋವು

ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆ ಎಂದು ತೋರಿಸಬೇಕು. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಆ ತಿಂಗಳು ಕೌಂಟರುಗಳಲ್ಲಿ ಜಾತ್ರೆ. ಗದ್ದಲ ಕಂಡರೆ ಇವರು ಎದ್ದು ಹೊರಟೇಬಿಡುತ್ತಾರೆ. ಆದ್ದರಿಂದ ಮನೆಯಲ್ಲೇ ಆಗುವ ದಾರಿಗಳನ್ನು ನೋಡಿ.

ಜೀವನ್ ಪ್ರಮಾಣ್ ಆ್ಯಪಿನಲ್ಲಿ ಮುಖ ತೋರಿಸಿದರೆ ಸಾಕು. ಮುಖದ ಈ ವ್ಯವಸ್ಥೆ 2021ರಲ್ಲಿ ಬಂತು. ಖರ್ಚಿಲ್ಲ. ತೊಡಕು ಏನೆಂದರೆ "ಕಣ್ಣು ಮಿಟುಕಿಸಿ" ಎಂದು ಕೇಳುತ್ತದೆ. ಹೇಳಿದ್ದನ್ನು ಆ ಕ್ಷಣದಲ್ಲಿ ಮಾಡುವುದು ಇವರಿಗೆ ಕಷ್ಟ. ನಾನು ಬೆಳಿಗ್ಗೆ ಕಾಫಿ ಆದ ಮೇಲೆ, ಕಿಟಕಿಯ ಬೆಳಕಿಗೆ ಕೂರಿಸಿ, ಮೆಲ್ಲಗೆ ಮುಖಕ್ಕೆ ಊದುತ್ತೇನೆ. ಕಣ್ಣು ತಾನಾಗೇ ಮಿಟುಕುತ್ತದೆ. ನಾಲ್ಕು ಸಲ ತಪ್ಪಿ ಐದನೇ ಸಲ ಆದದ್ದಿದೆ.

ಆ್ಯಪ್ ಬಳಸಲು ಬಾರದವರು ಅಂಚೆಯವರನ್ನು ಮನೆಗೆ ಕರೆಸಬಹುದು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಈ ಸೇವೆಗೆ 70 ರೂಪಾಯಿ. ಪರಿಚಯದ ಪೋಸ್ಟ್‌ಮ್ಯಾನ್ ಬಂದರೆ ಇವರು ಖುಷಿಯಾಗಿ ಮಾತಾಡಿಸುತ್ತಾರೆ, ಕೆಲಸ ಸಲೀಸು. ವಯಸ್ಸಾದವರ ಬೆರಳಿನ ಗೆರೆ ಸವೆದು ಮೆಷಿನ್ನಿಗೆ ಸಿಗದೇ ಹೋಗುವುದೂ ಉಂಟು. ಆಗ ಮುಖದ ದಾರಿಯೇ ಗತಿ. ಎರಡೂ ಆಗದಿದ್ದರೆ ಗೆಜೆಟೆಡ್ ಅಧಿಕಾರಿಯ ಸಹಿ ಇರುವ ಹಳೇ ಕಾಗದದ ಪ್ರಮಾಣಪತ್ರ ಇನ್ನೂ ನಡೆಯುತ್ತದೆ.

ಇದೆಲ್ಲಕ್ಕೂ ಬುಡ ಆಧಾರ್. ಅದಕ್ಕೆ ಜೋಡಿಸಿದ ಮೊಬೈಲ್ ನಂಬರು ಯಾವುದು ಎಂದು ಇವತ್ತೇ ನೋಡಿ. ಅವರು ಫೋನು ಕಳೆದುಕೊಂಡರೆ, ಸಿಮ್ ನಿಂತರೆ ಎಲ್ಲ ಓಟಿಪಿಯೂ ನಿಂತಂತೆ. ಒಂದೇ ನಂಬರನ್ನು ಇಬ್ಬರ ಆಧಾರಿಗೂ ಜೋಡಿಸಬಹುದು. ಅವರ ಒಪ್ಪಿಗೆ ಕೇಳಿ ನಿಮ್ಮ ನಂಬರಿಗೆ ಬದಲಿಸಿಕೊಳ್ಳಿ. ಪೋಸ್ಟ್‌ಮ್ಯಾನ್ ಮನೆಗೆ ಬಂದು ಇದನ್ನೂ ಮಾಡಿಕೊಡುತ್ತಾರೆ. ಆಧಾರಿನ ಸಹಾಯವಾಣಿ 1947.

ಮೈಮೇಲೆ ಇರಬೇಕಾದ ಗುರುತು

ಬೀರುವಿನ ಕಾಗದ ಎಷ್ಟೇ ಸರಿಯಿದ್ದರೂ, ಅವರು ಒಬ್ಬರೇ ಗೇಟು ದಾಟಿದ ದಿನ ಅದು ಕೆಲಸಕ್ಕೆ ಬರುವುದಿಲ್ಲ.

ಜೇಬಿನ ಚೀಟಿಗೆ ಹತ್ತು ರೂಪಾಯಿ, ಲ್ಯಾಮಿನೇಷನ್ ಸೇರಿ. ಆದರೆ ಅಂಗಿ ಬದಲಾದರೆ ಚೀಟಿ ಮನೆಯಲ್ಲೇ ಉಳಿಯುತ್ತದೆ. ಕತ್ತಿನ ಸರದ ಬಿಲ್ಲೆ ಅಥವಾ ಕೈಬಳೆಯ ಮೇಲೆ ಫೋನ್ ನಂಬರು ಕೆತ್ತಿಸಿದರೆ ಸದಾ ಜೊತೆಗಿರುತ್ತದೆ. ಅಕ್ಕಸಾಲಿಗರು ಬೆಳ್ಳಿಯಲ್ಲಿ ಮಾಡಿಕೊಡುತ್ತಾರೆ. ಕೆಲವರು ಕಿತ್ತು ಬಿಸಾಡುತ್ತಾರೆ. ನಮ್ಮನೆಯವರು ಬಳೆ ಬೇಡವೇ ಬೇಡ ಎಂದರು. ದೇವರ ಪದಕದ ಹಿಂಬದಿಗೆ ನಂಬರು ಹಾಕಿಸಿದೆ, ಸುಮ್ಮನೆ ಹಾಕಿಕೊಂಡರು. ಜಿಪಿಎಸ್ ವಾಚು ಎಲ್ಲಿದ್ದಾರೆಂದು ತೋರಿಸುತ್ತದೆ, ಒಳ್ಳೆಯದೇ. ಆದರೆ ಸಿಮ್ ಬೇಕು, ಆಗಾಗ ಚಾರ್ಜ್ ಮಾಡಬೇಕು, ಬೆಲೆಯೂ ಸಾವಿರಗಳಲ್ಲಿ. ಏರ್‌ಟ್ಯಾಗಿನಂಥ ಬಿಲ್ಲೆಗಳ ಬ್ಯಾಟರಿ ಬಹಳ ದಿನ ಬರುತ್ತದೆ. ಅವು ಅಕ್ಕಪಕ್ಕದವರ ಫೋನುಗಳ ಮೂಲಕ ಸುಳಿವು ಕೊಡುವುದರಿಂದ ಊರೊಳಗೆ ಸರಿ, ತೋಟ ಹೊಲದ ಕಡೆ ನೆಚ್ಚುವಂತಿಲ್ಲ. ಸಾರಿ ಸಾರಿ ಹೊರಗೆ ಹೋಗುವ ಚಾಳಿ ಇದ್ದರೆ ಮಾತ್ರ ಈ ಖರ್ಚು ಮಾಡಿ. ಇಲ್ಲದಿದ್ದರೆ ಪದಕ, ಚೀಟಿ ಮತ್ತು ಬೀದಿ ಕೊನೆಯ ಅಂಗಡಿಯವರಿಗೆ ಒಂದು ಮಾತು ಸಾಕು.

ಚೀಟಿಯಲ್ಲಿ ಹೆಸರು, "ಇವರಿಗೆ ಮರೆವಿನ ಕಾಯಿಲೆ ಇದೆ, ದಯವಿಟ್ಟು ಫೋನ್ ಮಾಡಿ", ಎರಡು ನಂಬರು. ಮನೆ ವಿಳಾಸ ಪೂರ್ತಿ ಬೇಡ, ಬಡಾವಣೆಯ ಹೆಸರು ಸಾಕು. ಮೂಲ ಆಧಾರ್ ಕಾರ್ಡನ್ನು ಜೇಬಿಗೆ ಹಾಕಿ ಕಳಿಸಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರನ್ನು ವೆಬ್‌ಸೈಟಿನಿಂದ ಇಳಿಸಿ ಪ್ರಿಂಟ್ ಹಾಕಿಸಿಕೊಳ್ಳಬಹುದು. ಅವರು ಕಾಣದೇ ಹೋದರೆ ಒಂದು ದಿನ ಕಾಯಬೇಕೆಂದು ಯಾರಾದರೂ ಹೇಳಿದರೆ ಕೇಳಬೇಡಿ. ತಕ್ಷಣ 112ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಯಾವ ಮನೆಗೆ ಯಾವುದು

ಈಗಷ್ಟೇ ಗೊತ್ತಾಗಿದೆ, ಸಹಿ ಚೆನ್ನಾಗಿದೆ, ಮನೆ ಅವರ ಹೆಸರಿನಲ್ಲಿದೆ ಎಂದಾದರೆ ಈ ತಿಂಗಳೇ ಅಕೌಂಟು ಜಾಯಿಂಟ್ ಮಾಡಿಸಿ, ಎಫ್‌ಡಿ ಸರಿಪಡಿಸಿ, ಮೊಬೈಲ್ ನಂಬರು ಬದಲಿಸಿ. ಮುಂದಿನ ತಿಂಗಳು ವಕೀಲರ ಹತ್ತಿರ ವಿಲ್ಲೋ ದಾನಪತ್ರವೋ ಎಂದು ಕೇಳಿ. ಮನೆ ಮಾರುವ ಸಂಭವವಿದ್ದರೆ ದಾನಪತ್ರ, ಇಲ್ಲದಿದ್ದರೆ ವಿಲ್ ಎನ್ನುವುದು ನನ್ನ ಲೆಕ್ಕ. ಇದರಲ್ಲಿ ಅವರ ಮಾತೂ ಇರಲಿ. ಇನ್ನೂ ಹೇಳಬಲ್ಲರು.

ಬಾಡಿಗೆ ಮನೆ, ಪಿಂಚಣಿ ಬಿಟ್ಟರೆ ಬೇರೇನಿಲ್ಲ, ಅಕೌಂಟು ಜಾಯಿಂಟ್ ಆಗಿದೆ ಎನ್ನುವವರಿಗೆ ವಕೀಲರೂ ಬೇಡ, ಕೋರ್ಟೂ ಬೇಡ. ನವೆಂಬರಿನ ಕೆಲಸ ಮತ್ತು ಕೊರಳಿನ ಪದಕ ಇಷ್ಟನ್ನು ನೋಡಿಕೊಳ್ಳಿ. ಉಳಿದ ದುಡ್ಡನ್ನು ವಾರಕ್ಕೆರಡು ದಿನ ಯಾರಾದರೂ ನೋಡಿಕೊಳ್ಳಲು ಬರುವಂತೆ ಖರ್ಚು ಮಾಡಿದರೆ ನಿಮಗೂ ನಿದ್ದೆ ಸಿಗುತ್ತದೆ.

ಕಾಯಿಲೆ ಬಲಿತಿದೆ, ಎಲ್ಲ ಅವರೊಬ್ಬರ ಹೆಸರಿನಲ್ಲೇ ಇದೆ ಎನ್ನುವವರು ಮೊದಲು ಎಷ್ಟು ಹಣ ಸಿಕ್ಕಿಕೊಂಡಿದೆ ಎಂದು ಕೂಡಿಸಿ. ಒಂದೆರಡು ಲಕ್ಷವಾದರೆ, ಮಕ್ಕಳು ಕೈಹಿಡಿಯುವುದಾದರೆ, ಅದನ್ನು ಹಾಗೇ ಬಿಟ್ಟು ಸಂಸಾರ ನಡೆಸುವುದು ಕೋರ್ಟಿಗಿಂತ ಅಗ್ಗ. ನಮ್ಮ ಆ ಎರಡನೇ ಅಕೌಂಟನ್ನು ನಾನು ಹಾಗೇ ಬಿಟ್ಟಿದ್ದೇನೆ. ಮನೆ, ದೊಡ್ಡ ಎಫ್‌ಡಿ ಎಲ್ಲ ಸಿಕ್ಕಿಕೊಂಡಿದ್ದರೆ ಹೈಕೋರ್ಟೇ ಸರಿ, ತಡ ಮಾಡಬೇಡಿ. ಹೋಗುವ ಮುಂಚೆ ಮಕ್ಕಳೆಲ್ಲರಿಂದ "ಅಮ್ಮ ಗಾರ್ಡಿಯನ್ ಆಗಲು ನಮ್ಮ ತಕರಾರಿಲ್ಲ" ಎಂಬ ಪ್ರಮಾಣಪತ್ರ ತಗೊಳ್ಳಿ. ಹೊರದೇಶದಲ್ಲಿರುವ ಮಗನೋ ಮಗಳೋ ಅಲ್ಲಿನ ಭಾರತೀಯ ಕಾನ್ಸುಲೇಟಿಗೆ ಹೋಗಿ ಅದನ್ನು ದೃಢೀಕರಿಸಿ ಕಳಿಸಬೇಕಾದೀತು. ಆ ಕಾಗದ ಬರುವುದಕ್ಕೇ ವಾರಗಳು ಹಿಡಿಯುತ್ತವೆ. ಅದನ್ನೇ ಮೊದಲು ಶುರು ಮಾಡಿಸಿ.